ಎಫ್‌ಸಿ ಆರ್‌ಎಕ್ಸ್-7 ಟರ್ಬೊ: ಎಂಜಿನ್ ತಲೆ ಮೇಲಿರೋ ಇಂಟರ್‌ಕೂಲರ್ ಮುಂದಕ್ಕೆ ತರ್ಲಾ, ಬೇಡ್ವಾ?

ಸಾಗರದ_ರೋಟರಿ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)
ಎಲ್ರಿಗೂ ನಮಸ್ಕಾರ. ಗಾಡಿ 1988ರ ಮಜ್ದಾ ಆರ್‌ಎಕ್ಸ್-7 ಟರ್ಬೊ 2 (ಎರಡನೇ ತಲೆಮಾರಿಂದು, ಅದಕ್ಕೇ ಎಫ್‌ಸಿ ಅನ್ನೋದು), 13ಬಿ ರೋಟರಿ ಎಂಜಿನ್, ಅಂದ್ರೆ ಪಿಸ್ಟನ್ ಬದಲು ತ್ರಿಕೋನದ ರೋಟರ್ ತಿರುಗೋ ಎಂಜಿನ್. ಎರಡು ವರ್ಷದ ಹಿಂದೆ ತಗೊಂಡೆ. ಹಳೇ ಓನರ್ ದೊಡ್ಡ ಸೈಲೆನ್ಸರ್ ಪೈಪ್ ಹಾಕ್ಸಿದ್ದು ಬಿಟ್ರೆ ಉಳಿದದ್ದೆಲ್ಲ ಕಂಪನಿ ಮಾಲು.

ಸಮಸ್ಯೆ ಹೀಗಿದೆ. ಸಂಜೆ ಆಫೀಸಿಂದ 880 ಹೈವೇಲಿ ಅರ್ಧ ಗಂಟೆ ತೆವಳಿಕೊಂಡು ಬಂದು, ಆಮೇಲೆ ಖಾಲಿ ರಸ್ತೆ ಸಿಕ್ತು ಅಂತ ಒತ್ತಿದ್ರೆ ಗಾಡಿ ಸೋಂಬೇರಿ ಥರ ಎದ್ದು ಬರುತ್ತೆ. ಬೆಳಗ್ಗೆ ತಣ್ಣಗಿದ್ದಾಗ ಇದೇ ಗಾಡಿ ಬೆನ್ನು ಸೀಟಿಗೆ ಒತ್ತುತ್ತೆ. ಮನೆಗೆ ಬಂದು ಬಾನೆಟ್ ಎತ್ತಿ, ಟರ್ಬೊದಿಂದ ಬರೋ ಬಿಸಿ ಗಾಳಿ ತಣ್ಣಗೆ ಮಾಡ್ಬೇಕಾದ ಇಂಟರ್‌ಕೂಲರ್ ಮುಟ್ಟಿದ್ರೆ ದೋಸೆ ಕಾವಲಿ. ಎಂಜಿನ್ ತಲೆ ಮೇಲೇ ಕೂತಿದೆಯಲ್ಲ, ಇನ್ನೇನಾಗುತ್ತೆ.

ಅದನ್ನ ಕಿತ್ತು ರೇಡಿಯೇಟರ್ ಮುಂದೆ ದೊಡ್ಡದೊಂದು ಕೂರಿಸಿ, ಎರಡೂವರೆ ಇಂಚಿನ ಅಲ್ಯೂಮಿನಿಯಂ ಪೈಪ್ ಎಳೆದು, ಕಾಲು ತೆಗೆದಾಗ ಮಿಕ್ಕ ಗಾಳಿನ ಪ್ಶ್‌ಶ್ ಅಂತ ಹೊರಗೆ ಬಿಡೋ ಬ್ಲೋ ಆಫ್ ವಾಲ್ವ್ ಹಾಕೋಣ ಅಂತಿದೀನಿ. ಇಂಟರ್‌ಕೂಲರ್ ಕೋರ್ (ಶಾಖ ಬಿಡೋ ಜಾಲರಿ) ಎಷ್ಟು ದಪ್ಪ ಇರ್ಬೇಕು? ಪೈಪ್ ಎರಡೂವರೆ ಸಾಕಾ, ಮೂರು ಇಂಚು ಬೇಕಾ? ಮಾಡಿದವರು ಹೇಳಿ.

ಕುಡ್ಲ_ಕಾರ್ (ಮಂಗಳೂರು)
ಫೋಟೋ ಇಲ್ಲದೆ ಆರ್‌ಎಕ್ಸ್-7 ಬಗ್ಗೆ ಬರೆಯುವುದೆಂತ ಮಾರಾಯ್ರೆ. ದಂಡ ಉಂಟು ನಿಮಗೆ.

ಸ್ಟಾಕ್_ಸಾಕಪ್ಪ (ಮೈಸೂರು)
ಮೂವತ್ತೈದು ವರ್ಷ ದಾಟಿದ ಗಾಡಿ, ಇನ್ನೂ ಅಸಲಿ ಸ್ಥಿತೀಲಿ ಉಳಿದಿದೆ, ಅದಕ್ಕೆ ಗರಗಸ ಹಾಕ್ತೀಯಲ್ಲಪ್ಪ. ಬಂಪರ್ ಹಿಂದೆ ಕಬ್ಬಿಣ ಕೊಯ್ದ ಮೇಲೆ ವಾಪಸ್ ಬರಲ್ಲ. ವೇಗ ಬೇಕಿದ್ರೆ ಹೊಸ ಗಾಡಿ ತಗೋ.

ಡೆಟ್ರಾಯ್ಟ್_ದಾಸ (ಟ್ರಾಯ್, ಮಿಷಿಗನ್)
ಸಾಕಪ್ಪನವರೇ, ಗಾಡಿ ಅವರದ್ದು. ಮೊದಲು ಲೆಕ್ಕ ನೋಡೋಣ.

ಹೊರಗೆ 35 ಡಿಗ್ರಿ ಇಟ್ಕೊಳ್ಳಿ. ಟರ್ಬೊದಲ್ಲಿ ಗಾಳಿ ಒತ್ತೋ ಭಾಗ, ಅಂದ್ರೆ ಕಂಪ್ರೆಸರ್, ಅದರ ದಕ್ಷತೆ 65% ಅಂದ್ಕೊಳ್ಳಿ. 7 ಪಿಎಸ್‌ಐ ಬೂಸ್ಟಿನಲ್ಲಿ (ಟರ್ಬೊ ಹೆಚ್ಚಿಗೆ ಕೊಡೋ ಗಾಳಿ ಒತ್ತಡ) ಟರ್ಬೊದಿಂದ ಹೊರಗೆ ಬರೋ ಗಾಳಿ ಹತ್ತಿರ ಹತ್ತಿರ 90 ಡಿಗ್ರಿ. 10 ಪಿಎಸ್‌ಐಗೆ ಏರಿಸಿದ್ರೆ 110. ಇಂಟರ್‌ಕೂಲರ್ 70% ಕೆಲಸ ಮಾಡಿದ್ರೆ ಆ 110 ಇಳಿದು 58ಕ್ಕೆ ಬರುತ್ತೆ. ಅದೇ ಒತ್ತಡದಲ್ಲಿ ಗಾಳಿ 15% ಜಾಸ್ತಿ ದಟ್ಟ ಆಗುತ್ತೆ. ಪವರ್ ಬರೋದು ಅಲ್ಲಿಂದ. ಅದಕ್ಕಿಂತ ದೊಡ್ಡ ಲಾಭ ಅಂದ್ರೆ ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ತಾನೇ ಸಿಡಿಯೋದು) ದೂರ ಹೋಗುತ್ತೆ. ರೋಟರಿಗೆ ನಾಕಿಂಗ್ ಅಂದ್ರೆ ಏಪೆಕ್ಸ್ ಸೀಲ್, ಅಂದ್ರೆ ರೋಟರ್ ಮೂಲೆಗಳಲ್ಲಿ ಗಾಳಿ ಸೋರದ ಹಾಗೆ ತಡೆಯೋ ಪಟ್ಟಿ, ಚೂರು ಚೂರು.

ನಿಮ್ಮ ಗಾಡಿ ಟ್ರಾಫಿಕ್‌ನಲ್ಲಿ ನಿಂತಾಗ ಇಂಟರ್‌ಕೂಲರ್ ಸುತ್ತ ಇರೋದು 35 ಡಿಗ್ರಿ ಗಾಳಿ ಅಲ್ಲ, ಬಾನೆಟ್ ಕೆಳಗಿನ ಬೇಯೋ ಗಾಳಿ. ಅದು ಕೂಲರ್ ಅಲ್ಲ ಆಗ, ಹೀಟರ್. ಮುಂದಕ್ಕೆ ತರೋ ಯೋಚನೆ ತಪ್ಪಲ್ಲ. ಆದ್ರೆ ಥರ್ಮೋಕಪಲ್ ಹಾಕಿ ಅಳೆದಿದೀರಾ? ಕೈ ಇಟ್ಟು ನೋಡಿದ್ದು ಅಳತೆ ಅಲ್ಲ.

ಹುಬ್ಬಳ್ಳಿ_ಡೀಸೆಲ್ (ಹುಬ್ಬಳ್ಳಿ)
ನಮಸ್ಕಾರ್ರೀ ಸರ. ನಮ್ದು ಲಾರಿ ಗ್ಯಾರೇಜು, ರೋಟರಿ ಗೀಟರಿ ಗೊತ್ತಿಲ್ಲ. ಆದ್ರ ಇಂಟರ್‌ಕೂಲರ್ ದಿನಾ ಬಿಚ್ಚತೀವಿ. "ಗಾಡಿ ಜಗ್ಗವಲ್ದು" ಅಂತ ಬಂದವರಾಗ ಹತ್ರಾಗ ಏಳು ಮಂದೀದು ಹೋಸ್ ಸೀಳಿರತೈತಿ, ಇಲ್ಲಾ ಕ್ಲಿಪ್ ಸಡ್ಲ ಆಗಿರತೈತಿ. ಮೊನ್ನೆ ಒಬ್ಬಾಂವ ಅರಬೈಲ್ ಘಾಟ್ ಹತ್ತೂದಿಲ್ಲ, ಟರ್ಬೊ ಹೋಗೇತಿ, ಹೊಸಾದು ಹಾಕ್ರಿ ಅಂತ ಬಂದ. ಕರೀ ಹೊಗಿ ಬ್ಯಾರೆ. ಸಾಬೂನ ನೀರು ಹೊಡದು ನೋಡಿದ್ರ ಇಂಟರ್‌ಕೂಲರ್ ಹೋಸಿನ ತಳದಾಗ ಬೆರಳ ಹೋಗುವಷ್ಟು ಸೀಳು.

ದೊಡ್ಡದು ಹಾಕೂದಕಿಂತ ಮೊದ್ಲ ಇದ್ದದ್ದು ಸೋರತೈತೇನು ನೋಡ್ರಿ. ಮೂವತ್ತೈದು ವರ್ಷದ ರಬ್ಬರ್ ಅದು.

ಸಾಗರದ_ರೋಟರಿ
ಅಣ್ಣ, ಲಾರಿ ಡೀಸೆಲ್ಲು, ಇದು ಪೆಟ್ರೋಲ್ ರೋಟರಿ. ಬೂಸ್ಟ್ ಗೇಜ್ ಐದೂವರೆ ತೋರ್ಸ್ತಾ ಇದೆ, ಈ ಮಾಡೆಲ್‌ಗೆ ಅದು ಸರಿಯಾದ ಅಂಕಿನೇ. ಸೋರ್ತಾ ಇದ್ರೆ ಕಡಿಮೆ ತೋರ್ಸ್ಬೇಕಲ್ವಾ?

ಹುಬ್ಬಳ್ಳಿ_ಡೀಸೆಲ್
ಗಾಳಿಗೆ ಅದು ಡೀಸೆಲ್ಲೋ ಪೆಟ್ರೋಲೋ ಗೊತ್ತಿರೂದಿಲ್ರೀ. ಸೋರಿಕಿ ಇದ್ರೂ ಟರ್ಬೊ ಇನ್ನಷ್ಟು ಜೋರ ತಿರುಗಿ ತುಂಬಸತೈತಿ. ಗೇಜಿನ್ಯಾಗ ಸರಿ ಇರತೈತಿ, ಗಾಳಿ ಮಾತ್ರ ಕುದೀತಿರತೈತಿ. ಅದಕ್ಕ ನಿಮ್ಮ ಇಂಟರ್‌ಕೂಲರ್ ದೋಸಿ ಹಂಚು.

ಡೆಟ್ರಾಯ್ಟ್_ದಾಸ
ಹುಬ್ಬಳ್ಳಿ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಅಷ್ಟು ಲೆಕ್ಕ ಬರೆದೆ, ಇದು ಹೊಳೀಲಿಲ್ಲ.

ಎಫ್‌ಸಿಯಲ್ಲಿ ಇನ್ನೊಂದು ವಿಷಯ ಇದೆ. ಗಾಳಿ ಅಳೆಯೋ ಮೀಟರ್ ಟರ್ಬೊಗಿಂತ ಮುಂಚೆ ಇದೆ. ಟರ್ಬೊ ಆದ್ಮೇಲೆ ಸೋರಿದ್ರೆ ಅಳೆದ ಗಾಳಿ ಹೊರಗೆ ಹೋಗುತ್ತೆ, ಪೆಟ್ರೋಲ್ ಜಾಸ್ತಿ ಆಗುತ್ತೆ, ಹೊಗೆ, ಮುಗ್ಗರಿಸೋದು. ಮೀಟರ್‌ಗೂ ಟರ್ಬೊಗೂ ನಡುವೆ ಸೀಳಿದ್ರೆ ಅಳೆಯದ ಗಾಳಿ ಒಳಗೆ ಬರುತ್ತೆ, ಪೆಟ್ರೋಲ್ ಕಡಿಮೆ ಬೀಳುತ್ತೆ. ಎರಡನೇದು ಅಪಾಯ. ಟರ್ಬೊ ಬಾಯಿಗೆ ಹೋಗೋ ಆ ವಕ್ರ ರಬ್ಬರ್ ಡಕ್ಟ್ ಈ ಗಾಡೀಲಿ ಬಿರುಕು ಬಿಡೋದಕ್ಕೆ ಹೆಸರುವಾಸಿ.

ಮೆಲ್ಬರ್ನ್_ಮಾವ (ಮೆಲ್ಬರ್ನ್)
ನನ್ನ ಕಥೆ ಕೇಳಿ, ಆಮೇಲೆ ಕಿಟ್ ಆರ್ಡರ್ ಮಾಡು ತಮ್ಮಾ.

ನನ್ನದೂ ಎಫ್‌ಸಿ, 1989ರ ನಂತರದ ಸೀರೀಸ್, ಫ್ಯಾಕ್ಟರಿಯಿಂದ 200 ಕುದುರೆ. ನಿನ್ನದು 182 ಇರ್ಬೇಕು. ನಾನೂ ಹೀಗೇ ಹುಮ್ಮಸ್ಸಲ್ಲಿ ದೊಡ್ಡ ಇಂಟರ್‌ಕೂಲರ್, ಮೂರು ಇಂಚಿನ ಎಕ್ಸಾಸ್ಟ್ ಹಾಕ್ದೆ. ಪೆಟ್ರೋಲ್ ಪಂಪ್ ಹಳೇದು, ಕಂಪ್ಯೂಟರ್ ಹಳೇದು. ಬೂಸ್ಟ್ ಮಿತಿ ಮೀರಿದ್ರೆ ಕಂಪ್ಯೂಟರ್ ಪೆಟ್ರೋಲ್ ಕತ್ತರಿಸಿ ಎಂಜಿನ್ ಉಳಿಸುತ್ತೆ. ನಾನು ಬುದ್ಧಿವಂತ, ಆ ಕಟ್ ಆಗದ ಹಾಗೆ ಸಣ್ಣ ಡಬ್ಬಿಯೊಂದನ್ನ ಸಿಕ್ಕಿಸಿದ್ದೆ.

ಬೇಸಿಗೆಯಲ್ಲಿ ಏನೂ ಆಗ್ಲಿಲ್ಲ. ಜುಲೈ ತಿಂಗಳು, ನಮಗಿಲ್ಲಿ ಚಳಿಗಾಲ, ರಾತ್ರಿ 6 ಡಿಗ್ರಿ. ಗಾಳಿ ದಟ್ಟ. ನಾಲ್ಕನೇ ಗೇರಲ್ಲಿ ಒತ್ತಿದೆ, ಗೇಜ್ ಹತ್ತು, ಹನ್ನೊಂದು, ಹನ್ನೆರಡು ಅಂತ ತಾನೇ ಏರ್ತಾ ಹೋಯ್ತು. ಕಾಲು ತೆಗೆಯೋ ಹೊತ್ತಿಗೆ ಟಪ್ ಅಂತ ಒಂದು ಸದ್ದು, ಅಷ್ಟೇ. ದೊಡ್ಡ ಸದ್ದೂ ಅಲ್ಲ, ಒಗ್ಗರಣೇಲಿ ಸಾಸಿವೆ ಸಿಡಿದ ಹಾಗೆ. ಮಾರನೇ ದಿನ ಕಂಪ್ರೆಷನ್ ನೋಡಿದ್ರೆ ಹಿಂದಿನ ರೋಟರ್‌ನಲ್ಲಿ ಒಂದು ಬಡಿತ ಗಟ್ಟಿ, ಎರಡು ಪುಸುಪುಸು. ಒಂದು ಏಪೆಕ್ಸ್ ಸೀಲ್ ಮುರಿದ್ರೆ ಅದರ ಆಚೆ ಈಚೆಯ ಎರಡೂ ಚೇಂಬರ್ ಹೋಗುತ್ತೆ. ಮುರಿದ ಚೂರು ಎಕ್ಸಾಸ್ಟ್ ಕಡೆ ಹಾರಿ ಟರ್ಬೈನ್ ಎಲೆಗಳನ್ನೂ ಕಡಿದಿತ್ತು.

ಕಾರಣ? ಹೆಚ್ಚಾದ ಹೊಗೆನ ಟರ್ಬೊ ಪಕ್ಕದಿಂದ ಬಿಟ್ಟು ಬೂಸ್ಟ್ ಹಿಡಿತದಲ್ಲಿಡೋ ವೇಸ್ಟ್‌ಗೇಟ್ ಬಾಯಿ ಚಿಕ್ಕದು. ಎಕ್ಸಾಸ್ಟ್ ಬಿಡುವಾದ್ರೆ ಅದು ಪೂರ್ತಿ ತೆರೆದ್ರೂ ಸಾಲಲ್ಲ, ಬೂಸ್ಟ್ ತಾನಾಗಿ ಏರುತ್ತೆ. ನಿನ್ನ ಗಾಡೀಲಿ ದೊಡ್ಡ ಸೈಲೆನ್ಸರ್ ಇದೆ ಅಂದೆಯಲ್ಲ, ನನಗೆ ಭಯ ಆಗಿದ್ದು ಅದನ್ನ ಓದಿ.

ಕುಡ್ಲ_ಕಾರ್
ಸಾಸಿವೆ ಸಿಡಿದದ್ದಕ್ಕೆ ಬಿಲ್ಲು ಎಷ್ಟಾಯ್ತು ಮಾವ?

ಮೆಲ್ಬರ್ನ್_ಮಾವ
ನಿಮ್ಮತ್ತೆ ಈ ವೇದಿಕೆ ಓದ್ತಾಳೆ. ಹೇಳಲ್ಲ.

ಬುಲೆಟ್_ಬಸ್ಯಾ (ಬೆಂಗಳೂರು)
ಮೇನ್ ಪಾಯಿಂಟ್ ಯಾರೂ ಹೇಳಿಲ್ಲ. ಮುಂದೆ ಹಾಕಿದ್ರೆ ಪೈಪ್ ಉದ್ದ ಆಗುತ್ತೆ, ಟರ್ಬೊ ಲ್ಯಾಗ್ (ಒತ್ತಿದ ಮೇಲೆ ಬೂಸ್ಟ್ ಬರೋಕೆ ಕಾಯೋ ಹೊತ್ತು) ಡಬಲ್. ಅದ್ರಲ್ಲೂ ಮೂರು ಇಂಚು ಹಾಕಿದ್ರೆ 1.3 ಲೀಟರ್ ಪುಟಾಣಿ ಎಂಜಿನ್ ಅದನ್ನ ತುಂಬ್ಸೋಕೆ ನಾಳೆ ಬೆಳಗ್ಗೆ ಆಗುತ್ತೆ.

ಡೆಟ್ರಾಯ್ಟ್_ದಾಸ
ಎರಡು ಮೀಟರ್ ಪೈಪ್‌ಗೆ ಎರಡೂವರೆ ಇಂಚಾದ್ರೆ ಒಳಗೆ ಸುಮಾರು 5.7 ಲೀಟರ್, ಮೂರು ಇಂಚಾದ್ರೆ 8.4. ವ್ಯತ್ಯಾಸ 2.7 ಲೀಟರ್, ಒಂದು ದೊಡ್ಡ ಸೋಡಾ ಬಾಟಲ್‌ಗಿಂತ ಸ್ವಲ್ಪ ಜಾಸ್ತಿ. ಅದನ್ನ 10 ಪಿಎಸ್‌ಐಗೆ ಏರಿಸೋಕೆ ಹೆಚ್ಚುವರಿಯಾಗಿ ತುರುಕಬೇಕಾದ ಗಾಳಿ 2 ಲೀಟರ್‌ಗಿಂತ ಕಡಿಮೆ.

ಇನ್ನು "ಪುಟಾಣಿ 1.3". ಪಿಸ್ಟನ್ ಎಂಜಿನ್ ತನ್ನ ಪೂರ್ತಿ ಸಾಮರ್ಥ್ಯದ ಗಾಳಿ ಎಳೆಯೋಕೆ ಎರಡು ಸುತ್ತು ಬೇಕು. 13ಬಿ ಒಂದೇ ಸುತ್ತಿಗೆ 1308 ಸಿಸಿ ಎಳೆಯುತ್ತೆ. 3000 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 65 ಲೀಟರ್ ಗಾಳಿ. 2 ಲೀಟರ್ ತುಂಬೋಕೆ ಸೆಕೆಂಡಿನ ನೂರರಲ್ಲಿ ಮೂರು ಪಾಲು. ನಾಳೆ ಬೆಳಗ್ಗೆ ಅಲ್ಲ ಬಸಣ್ಣ.

ಶಾಖದ_ಶಾರದಾ (ಪುಣೆ)
ದಾಸರೇ, ತಪ್ಪು ಹುಡುಕೋದು ನನ್ನ ಚಟ, ಬೇಜಾರಾಗ್ಬೇಡಿ. ಆ 65 ಲೀಟರನ್ನ ಎಂಜಿನ್ ಕುಡೀತಾ ಇರುತ್ತೆ. ಪೈಪ್ ತುಂಬೋದು ಟರ್ಬೊ ಕೊಡೋದ್ರಲ್ಲಿ ಎಂಜಿನ್ ಕುಡಿದು ಉಳಿದ ಗಾಳಿ ಮಾತ್ರ. ಆ ಉಳಿಕೆ ಐದರಲ್ಲಿ ಒಂದು ಪಾಲು ಅಂದ್ಕೊಂಡ್ರೆ ಸೆಕೆಂಡಿಗೆ 13 ಲೀಟರ್, ಅಂದ್ರೆ 0.15 ಸೆಕೆಂಡ್. ನಿಮ್ಮ ಉತ್ತರದ ಐದು ಪಟ್ಟು. ಆದ್ರೂ ಕಣ್ಣು ಮಿಟುಕಿಸೋಷ್ಟೇ, ಬಸ್ಯಾ ಅವರು ಗೆಲ್ಲಲ್ಲ.

ಪೈಪ್ ಅಗಲಕ್ಕಿಂತ ತಿರುವುಗಳ ಬಗ್ಗೆ ತಲೆ ಕೆಡಿಸ್ಕೊಳ್ಳಿ. 90 ಡಿಗ್ರಿ ಚೂಪು ತಿರುವು ಮೂರು ನಾಲ್ಕು ಬಂದ್ರೆ ಒತ್ತಡ ಅಲ್ಲೇ ಸೋರಿಹೋಗುತ್ತೆ. ಈ ಗಾಡಿಗೆ ಎರಡೂವರೆ ಧಾರಾಳ.

ಇನ್ನೊಂದು. ಕಂಪನಿ ವೇಸ್ಟ್‌ಗೇಟ್‌ಗೆ ಒತ್ತಡದ ಸುಳಿವು ಹೋಗೋದು ಕಂಪ್ರೆಸರ್ ಹತ್ರದಿಂದ, ಇಂಟರ್‌ಕೂಲರ್ ದಾಟಿದ ಮೇಲಿಂದ ಅಲ್ಲ. ಈಗ ಇಂಟರ್‌ಕೂಲರ್ 1.2 ಪಿಎಸ್‌ಐ ತಿಂತಾ ಇದೆ ಅನ್ನಿ, ಹೊಸದು 0.4 ತಿನ್ನುತ್ತೆ ಅನ್ನಿ. ಯಾವ ಸ್ಕ್ರೂ ಮುಟ್ಟದೇ ಎಂಜಿನ್‌ಗೆ 0.8 ಜಾಸ್ತಿ ಬೂಸ್ಟ್ ಹೋಗುತ್ತೆ. ಮಾವನ ಗಾಡೀಲಿ ಇದರ ಪಾಲೂ ಇದ್ದಿರ್ಬೇಕು. ಹಾಗಾಗಿ ಇಂಟರ್‌ಕೂಲರ್ ಆಚೆಗೊಂದು ಈಚೆಗೊಂದು ಗೇಜ್ ಹಾಕಿ ನೋಡಿ.

ಬುಲೆಟ್_ಬಸ್ಯಾ
ಸೋತೆ ಮೇಡಂ. ಲೆಕ್ಕ ಬೇಡ, ನಾಕಿಂಗ್ ಅಂದ್ರಲ್ಲ, ಒಳ್ಳೆ ಪೆಟ್ರೋಲ್ ಹಾಕಿದ್ರೆ ಆಯ್ತಲ್ಲ? ಅಮೆರಿಕದಲ್ಲಿ 100 ಆಕ್ಟೇನ್ ಸಿಗಲ್ವಾ?

ಸಾಗರದ_ರೋಟರಿ
ನಮ್ಮ ಬಂಕ್‌ಗಳಲ್ಲಿ ಪ್ರೀಮಿಯಂ ಅಂದ್ರೆ 91.

ಬುಲೆಟ್_ಬಸ್ಯಾ
ಹಹಹ, ಅಷ್ಟು ದೂರ ಹೋಗಿ, ನಮ್ಮಲ್ಲಿ ಮುಂಚೆ ಬರ್ತಿದ್ದ ಸಾದಾ 91 ಪೆಟ್ರೋಲೇ ಕುಡೀತಿದೀರಾ.

ಡೆಟ್ರಾಯ್ಟ್_ದಾಸ
ಆ 91 ಬೇರೆ, ಈ 91 ಬೇರೆ. ಆಕ್ಟೇನ್ ಅಳೆಯೋಕೆ ಎರಡು ವಿಧಾನ ಇದೆ, ಆರ್‌ಒಎನ್ ಮತ್ತು ಅದಕ್ಕಿಂತ ಕಡಿಮೆ ಅಂಕಿ ಕೊಡೋ ಎಂಒಎನ್. ಭಾರತದಲ್ಲಿ ಬರೆಯೋದು ಆರ್‌ಒಎನ್. ಇಲ್ಲಿ ಆರ್‌ಒಎನ್ ಮತ್ತು ಎಂಒಎನ್ ಎರಡರ ಸರಾಸರಿ. ಇಲ್ಲಿನ 91 ಅಲ್ಲಿನ 95-96ಕ್ಕೆ ಸಮ. ನಮ್ಮ ಮಿಷಿಗನ್‌ನಲ್ಲಿ 93 ಸಿಗುತ್ತೆ, ಹೊಟ್ಟೆ ಉರ್ಕೊಳ್ಳಿ.

ಲೆಮಾನ್_ಲಿಂಗ (ಶಿವಮೊಗ್ಗ)
ರೋಟರಿ ಟರ್ಬೊ ಅಂದ್ರೆ 1991ರ ಲೆಮಾನ್! ಮಜ್ದಾ 787ಬಿ! ಆ ಟರ್ಬೊ ಕೂಗು!

ಮೆಲ್ಬರ್ನ್_ಮಾವ
ಲಿಂಗಣ್ಣ, 787ಬಿಗೆ ಟರ್ಬೊನೇ ಇರ್ಲಿಲ್ಲ. ನಾಲ್ಕು ರೋಟರ್‌ನ ಎಂಜಿನ್, ಸುಮ್ಮನೆ ಉಸಿರಾಡೋದು. ಆ ಕೂಗು ಎಕ್ಸಾಸ್ಟಿಂದು.

ಲೆಮಾನ್_ಲಿಂಗ
ಇಷ್ಟು ವರ್ಷ ಎಲ್ರ ಹತ್ರ ತಪ್ಪು ಹೇಳ್ಕೊಂಡು ಬಂದೆನಾ ಹಾಗಾದ್ರೆ.

ಸನಿವೇಲ್_ಸುಬ್ಬು (ಸನಿವೇಲ್)
ಅವರ ಊರಿನ ಪಕ್ಕದವನಾಗಿ ಒಂದು ಮಾತು. 1976 ಮತ್ತು ಆಮೇಲಿನ ಪೆಟ್ರೋಲ್ ಗಾಡಿಗಳಿಗೆ ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಟೆಸ್ಟ್. ಹೊಗೆ ಅಳೆದು ಬಿಡಲ್ಲ, ಬಾನೆಟ್ ಎತ್ತಿ ಕಣ್ಣಲ್ಲೂ ನೋಡ್ತಾರೆ. ಹೊರಗಿನ ಇಂಟರ್‌ಕೂಲರ್ ಕಿಟ್‌ಗೆ ರಾಜ್ಯದ ಅನುಮೋದನೆ ನಂಬರ್ ಇಲ್ಲ ಅಂದ್ರೆ ಫೇಲ್. ಹಳೇ ಸಾಮಾನು ಒಂದನ್ನೂ ಎಸೀಬೇಡಿ. ಬ್ಲೋ ಆಫ್ ವಾಲ್ವ್ ಹೊರಗೆ ಪ್ಶ್ ಅನ್ನಿಸೋ ಆಸೆನೂ ಬಿಡಿ. ಅಳೆದ ಗಾಳಿ ಹೊರಗೆ ಹೋಗಿ, ಗೇರ್ ಬದಲಿಸಿದಾಗೆಲ್ಲ ಪೆಟ್ರೋಲ್ ಜಾಸ್ತಿಯಾಗಿ ಕೆಮ್ಮುತ್ತೆ.

ಸ್ಟಾಕ್_ಸಾಕಪ್ಪ
ನಾನು ಇದನ್ನೇ ಅಲ್ವಾ ಮೊದಲನೇ ದಿನ ಹೇಳಿದ್ದು?

ಸನಿವೇಲ್_ಸುಬ್ಬು
ಇಲ್ಲ, ನೀವು ಹೊಸ ಗಾಡಿ ತಗೋ ಅಂದಿದ್ರಿ.

ಸಾಗರದ_ರೋಟರಿ
ಶನಿವಾರ ಸೋರಿಕೆ ಟೆಸ್ಟ್ ಮಾಡ್ತೀನಿ. ಹುಬ್ಬಳ್ಳಿ ಅಣ್ಣ, ಹೇಗೆ ಮಾಡೋದು ಸ್ವಲ್ಪ ಬಿಡಿಸಿ ಹೇಳಿ.

ಹುಬ್ಬಳ್ಳಿ_ಡೀಸೆಲ್
ಹಾರ್ಡ್‌ವೇರ್ ಅಂಗಡ್ಯಾಗ ಪಿವಿಸಿ ಪೈಪಿನ ಮುಚ್ಚಳ ತಗೋರಿ, ಗಾಳಿ ಬರೂ ಡಕ್ಟಿನ ಬಾಯಿಗೆ ಬಿಗಿ ಕುಂದ್ರೂವಂಥಾದ್ದು. ನಡುವ ತೂತು ಹೊಡದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಸಿಗಸ್ರಿ. ಗಾಳಿ ಮೀಟರ್ ತಗದು ಆ ಜಾಗಾಕ್ಕ ಮುಚ್ಚಳ ಹಾಕಿ ಕ್ಲಿಪ್ ಬಿಗೀರಿ. ಸಣ್ಣಗ ಗಾಳಿ ಬಿಡ್ರಿ, ಐದಾರು ಪಿಎಸ್‌ಐ ಸಾಕು. ಹತ್ತು ದಾಟಸಬ್ಯಾಡ್ರಿ. ಮುಚ್ಚಳದ ಎದುರ ಮಾರಿ ಇಟ್ಕೊಂಡು ನಿಂದರಬ್ಯಾಡ್ರಿ, ನಮ್ಮ ಹುಡುಗಂದು ಎರಡು ಹಲ್ಲು ಹೋಗ್ಯಾವ. ಆಮ್ಯಾಲ ಸ್ಪ್ರೇ ಬಾಟಲ್ಯಾಗ ಸಾಬೂನ ನೀರು ಹಾಕಿ ಎಲ್ಲಾ ಜೋಡಿಗೂ ಹೊಡೀರಿ. ತಳಕ್ಕೂ ಹೊಡೀರಿ, ಕಣ್ಣಿಗೆ ಕಾಣೂ ಕಡೆ ಅಷ್ಟ ಅಲ್ಲ. ಗುಳ್ಳಿ ಎಲ್ಲಿ ಬರತೈತಿ ಅಲ್ಲಿ ಸೋರತೈತಿ.

ಸಾಗರದ_ರೋಟರಿ
ಟೆಸ್ಟ್ ಆಯ್ತು. ಎಲ್ಲಿಂದ ಶುರು ಮಾಡ್ಲಿ.

ಮೂರು ಪಿಎಸ್‌ಐಗೇ ಸುಸ್ ಅಂತ ಸದ್ದು. ಟರ್ಬೊ ಬಾಯಿಯ ರಬ್ಬರ್ ಡಕ್ಟ್ ತಳದಲ್ಲಿ ಎರಡು ಇಂಚು ಸೀಳು. ಮೇಲಿಂದ ನೋಡಿದ್ರೆ ಹೊಸದರ ಥರ ಇದೆ. ಎರಡನೇದು ಇಂಟರ್‌ಕೂಲರ್‌ಗೂ ಥ್ರಾಟಲ್ ಬಾಡಿಗೂ (ಎಂಜಿನ್‌ಗೆ ಗಾಳಿ ಬಿಡೋ ಕವಾಟ) ನಡುವಿನ ಹೋಸ್, ಒಳಗೆಲ್ಲ ಎಣ್ಣೆ ಜಿಡ್ಡು, ಕ್ಲಿಪ್ ಬಿಗಿದ್ರೂ ಜಾರ್ತಾ ಇದೆ. ಜೊತೆಗೆ ಬಾನೆಟ್ ಸ್ಕೂಪ್‌ಗೂ ಇಂಟರ್‌ಕೂಲರ್‌ಗೂ ನಡುವೆ ಇರ್ಬೇಕಾದ ಸ್ಪಂಜ್ ಮುಟ್ಟಿದ್ರೆ ಪುಡಿ. ಅಂದ್ರೆ ಸ್ಕೂಪಿಂದ ಬಂದ ಗಾಳಿ ಇಂಟರ್‌ಕೂಲರ್ ಒಳಗೆ ಹೋಗದೇ ಪಕ್ಕದಿಂದ ಜಾರಿ ಹೋಗ್ತಾ ಇತ್ತು.

ಹುಬ್ಬಳ್ಳಿ ಅಣ್ಣ, "ಲಾರಿ ಡೀಸೆಲ್ಲು" ಅಂದಿದ್ದನ್ನ ವಾಪಸ್ ತಗೊಂಡೆ.

ಪೀಣ್ಯ_ಫ್ಯಾಬ್ (ಬೆಂಗಳೂರು)
ತಡವಾಗಿ ಬಂದೆ, ಟಿಗ್ ವೆಲ್ಡಿಂಗ್ ನನ್ನ ಕಸುಬು. ಮುಂದೆ ಯಾವತ್ತಾದ್ರೂ ಪೈಪ್ ಮಾಡಿಸಿದ್ರೆ ತುದಿಗೆ ಬೀಡಿಂಗ್ ಮಾಡ್ಸಿ, ಆ ಉಬ್ಬು ಇಲ್ಲದಿದ್ರೆ ಯಾವ ಕ್ಲಿಪ್ಪೂ ಹೋಸ್ ಹಿಡಿಯಲ್ಲ. ಕ್ಲಿಪ್ ಟಿ-ಬೋಲ್ಟ್‌ದು ಹಾಕಿ, ಸ್ಕ್ರೂ ಕ್ಲಿಪ್ ಸಿಲಿಕಾನ್ ಹೋಸನ್ನ ಕೊಯ್ಯುತ್ತೆ. ಹಾಕೋ ಮುಂಚೆ ಎಣ್ಣೆ ಒರೆಸಿ. ವೆಲ್ಡ್ ಆದ ಪೈಪ್ ಒಳಗೆ ಬಟ್ಟೆ ಎಳೆದು ಮೂರು ಸಲ ತೊಳೀರಿ. ಇಂಟರ್‌ಕೂಲರ್ ದಾಟಿದ ಲೋಹದ ಪುಡಿಗೆ ಮುಂದಿನ ಸ್ಟಾಪ್ ನಿಮ್ಮ ಏಪೆಕ್ಸ್ ಸೀಲು. ಅಗ್ಗದ ಕಿಟ್ ಬಿಚ್ಚಿದಾಗ ಒಳಗೆ ಕೊಯ್ದ ಚೂರು ಹಾಗೇ ಬಿದ್ದಿದ್ದನ್ನ ನಾನೇ ನೋಡಿದೀನಿ.

ಶಾಖದ_ಶಾರದಾ
ಮುಂದೆ ಹಾಕೋರಿಗೆ ಇನ್ನೊಂದು ಎಚ್ಚರಿಕೆ. ಆ ದಪ್ಪ ಕೋರ್ ರೇಡಿಯೇಟರ್‌ನ ಗಾಳಿ ತಡೆಯುತ್ತೆ. ರೋಟರಿಯಲ್ಲಿ ಎಣ್ಣೆನೂ ಶಾಖದ ದೊಡ್ಡ ಪಾಲು ಹೊರುತ್ತೆ, ಅದರ ಕೂಲರ್ರೂ ಮುಂದೇ ಇದೆ. ಗಾಡಿ ಹೊಟ್ಟೆ ಕೆಳಗಿನ ಪ್ಲಾಸ್ಟಿಕ್ ಹಾಳೆ ಕಿತ್ತು ಬಿಸಾಕಿರೋ ಗಾಡಿ ಆದ್ರೆ ಗಾಳಿ ರೇಡಿಯೇಟರ್ ಒಳಗೆ ನುಗ್ಗೋ ಬದಲು ಅಡಿಯಿಂದ ತಪ್ಪಿಸ್ಕೊಳ್ಳುತ್ತೆ. ನಿಮ್ಮದ್ರಲ್ಲಿ ಆ ಹಾಳೆ ಇದೆಯಾ?

ಸಾಗರದ_ರೋಟರಿ
ಅರ್ಧ ಇದೆ ಮೇಡಂ. ಉಳಿದರ್ಧ ಹುಡುಕ್ತಿದೀನಿ.

ಮೂರು ವಾರದ ವರದಿ. ಹೊಸ ಡಕ್ಟ್, ಹೊಸ ಹೋಸ್, ಹೊಸ ಕ್ಲಿಪ್ ಹಾಕ್ದೆ. ಇಂಟರ್‌ಕೂಲರ್ ಬಿಚ್ಚಿ ಒಳಗಿನ ಎಣ್ಣೆ ತೊಳೆದೆ, ಸ್ಕೂಪ್ ಸುತ್ತ ದಪ್ಪ ಸ್ಪಂಜ್ ಅಂಟಿಸ್ದೆ. ದಾಸರು ಬೈದಿದ್ದಕ್ಕೆ ಥ್ರಾಟಲ್ ಬಾಡಿ ಹತ್ರ ಥರ್ಮೋಕಪಲ್ಲೂ ಹಾಕ್ದೆ. ಸ್ಪಂಜ್ ಅಂಟಿಸೋ ಮುಂಚೆ, ಹೊರಗೆ 33 ಇದ್ದಾಗ, ಟ್ರಾಫಿಕ್‌ನಲ್ಲಿ 71 ಡಿಗ್ರಿ, ಹೈವೇ ಸಿಕ್ಕ ಮೇಲೆ 50ರ ಕೆಳಗೆ ಬರೋಕೆ ನಾಲ್ಕು ನಿಮಿಷ. ಈಗ ಟ್ರಾಫಿಕ್‌ನಲ್ಲಿ 68, ಅಲ್ಲಿ ದೊಡ್ಡ ಬದಲಾವಣೆ ಇಲ್ಲ. ಆದ್ರೆ ಓಡೋಕೆ ಶುರುವಾದ ಒಂದೇ ನಿಮಿಷಕ್ಕೆ 47. ಸಂಜೆಯ ಆ ಸೋಂಬೇರಿತನ ಮುಕ್ಕಾಲು ಪಾಲು ಹೋಯ್ತು.

ಆದ್ರೆ ಈಗ ಹೊಸ ತಲೆನೋವು. ಮುಂಚೆ ಐದೂವರೆಗೆ ನಿಲ್ತಿದ್ದ ಬೂಸ್ಟ್, ಬೆಳಗ್ಗೆ ತಂಪಲ್ಲಿ 6000 ಆರ್‌ಪಿಎಂ ಹತ್ರ ಎಂಟು ಮುಟ್ಟಿತು. ಕಾಲು ತೆಗೆದೆ.

ಮೆಲ್ಬರ್ನ್_ಮಾವ
ಅದೇ ಅದು! ಸೋರಿಕೆ ನಿನ್ನ ಎಂಜಿನ್ ಕಾಯ್ತಾ ಇತ್ತು ಇಷ್ಟು ದಿನ. ವೇಸ್ಟ್‌ಗೇಟ್ ತಡೀಲಾರದ ಬೂಸ್ಟ್ ಆ ಜಾರೋ ಹೋಸಿಂದ ಹೊರಗೆ ಹೋಗ್ತಿತ್ತು. ಈಗ ಬಾಗಿಲು ಮುಚ್ಚಿದೆ, ಬಣ್ಣ ಬಯಲಾಯ್ತು. ಮೊದಲ ಕೆಲಸ ಟರ್ಬೊ ಇಳಿಸಿ ವೇಸ್ಟ್‌ಗೇಟ್ ಬಾಯಿ ಅಗಲ ಮಾಡಿಸು, ಮುಚ್ಚೋ ತಟ್ಟೆ ಆಮೇಲೂ ಪೂರ್ತಿ ಕೂರೋ ಹಾಗಿರ್ಲಿ. ಎರಡನೇದು ಪೆಟ್ರೋಲ್ ಪಂಪ್. ಆ ಫ್ಯುಯಲ್ ಕಟ್ ತಪ್ಪಿಸೋ ಡಬ್ಬಿ ಯಾರಾದ್ರೂ ಫ್ರೀ ಕೊಟ್ರೂ ತಗೋಬೇಡ. ಅಲ್ಲಿವರೆಗೆ ಬೆಳಗ್ಗೆ 5000 ದಾಟಿಸ್ಬೇಡ.

ಡೆಟ್ರಾಯ್ಟ್_ದಾಸ
ಒಪ್ಪಿದೆ. ಜೊತೆಗೆ ಅಗಲ ವ್ಯಾಪ್ತಿಯ ಆಕ್ಸಿಜನ್ ಸೆನ್ಸರ್ ಒಂದು ಹಾಕಿಸಿ. ಪೆಟ್ರೋಲ್ ಸಾಲ್ತಿದೆಯಾ ಇಲ್ವಾ ಅಂತ ಕಿವಿ ಹೇಳಲ್ಲ.

ಸಾಗರದ_ರೋಟರಿ
ಆಯ್ತು, ಮುಂದಿನ ತಿಂಗಳು ಟರ್ಬೊ ಇಳಿಸ್ತೀನಿ. ಮುಂದಿನ ಇಂಟರ್‌ಕೂಲರ್ ಆಸೆ ಸತ್ತಿಲ್ಲ, ಸರದಿಯಲ್ಲಿ ಮೂರನೇದಾಗಿ ನಿಂತಿದೆ. ಕುಡ್ಲದವರಿಗೆ ಫೋಟೋ ಸಂಜೆ ಹಾಕ್ತೀನಿ.

ಹುಬ್ಬಳ್ಳಿ_ಡೀಸೆಲ್
ಗಾಡಿ ಫೋಟೋ ಇರ್ಲಿ ಸರ, ಆ ಸೀಳಿದ ಡಕ್ಟಿಂದು ಮ್ಯಾಲಿಂದ ಒಂದು, ತಳದಿಂದ ಒಂದು ಫೋಟೋ ಕಳಸ್ರಿ. ನಮ್ಮ ಗ್ಯಾರೇಜ್ ಹುಡುಗೂರು ಮ್ಯಾಲ ಅಷ್ಟ ನೋಡಿ "ಚಲೋ ಐತ್ರಿ" ಅಂತಾವ. ಗ್ವಾಡಿಗೆ ಹಚ್ಚತೀನಿ.